ಪತ್ತೇದಾರಿ ಫೋನ್ ಬದಲಿಸಿದ್ದು

ಮನೆಯಲ್ಲಿ ಅವಳಿಗೆ ಪತ್ತೇದಾರಿ ಎಂದು ಹೆಸರಿಟ್ಟವನು ಅವಳ ಅಣ್ಣ. ಇಟ್ಟದ್ದು ತಮಾಷೆಗೆ, ಆದರೆ ಹೆಸರು ಅಳತೆ ಕೊಟ್ಟು ಹೊಲಿಸಿದ ಹಾಗೆ ಮೈಗೆ ಕೂತಿತು. ‘ಇದೇ ನಿಮ್ಮ ಬಸ್ಸು, ಹತ್ತಿ’ ಎಂದು ಯಾರಾದರೂ ಹೇಳಿದರೆ ಹತ್ತುವ ಮುಂಚೆ ಕಂಡಕ್ಟರನ್ನು ಕೇಳುವಳು, ಕೂತ ಮೇಲೆ ಪಕ್ಕದವರನ್ನು ಕೇಳುವಳು, ಇಬ್ಬರ ಮಾತೂ ತಾಳೆಯಾದರೆ ಮಾತ್ರ ಬೆನ್ನು ಒರಗಿಸುವಳು. ಹೊಸ ಬಟ್ಟೆ ಎಂದು ಅಂಗಡಿಯವನು ಕೊಟ್ಟರೆ ಅಂಚು ತಡವಿ, ಮಡಿಕೆ ಮೂಸಿ, ಒಮ್ಮೆ ಒಗೆದದ್ದಲ್ಲ ಎಂದು ಖಾತ್ರಿ ಮಾಡಿಕೊಂಡೇ ಚೀಲಕ್ಕೆ ಹಾಕುವಳು. ಹುಟ್ಟಿದಾಗಿನಿಂದ ಅವಳಿಗೆ ಕಣ್ಣು ಕಾಣದು. ವಯಸ್ಸು ನಲವತ್ತು ದಾಟಿದೆ. ದೊಡ್ಡ ಆಸ್ಪತ್ರೆಯೊಂದರ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಟೆಲಿಫೋನ್ ಆಪರೇಟರ್.

ಅನುಮಾನದ ಪಿಶಾಚಿ ಎಂದು ನೀವೂ ಅಂದುಬಿಡುವ ಮುಂಚೆ ಒಂದು ಮಾತು ಕೇಳಿ. ಅವಳು ಓದಿ ಹೇಳುವವರ ಬಾಯಿಗೆ ಕಿವಿಕೊಟ್ಟು ಬೆಳೆದವಳು. ಗೆಳತಿ ಬರೆದ ಕಾಗದವಿರಲಿ, ಔಷಧಿ ಶೀಶೆಯ ಮೇಲಿನ ಬರಹವಿರಲಿ, ಮತ್ತೊಬ್ಬರ ಕಣ್ಣು ದಾಟಿಯೇ ಅವಳ ಹತ್ತಿರ ಬರಬೇಕು. ಓದುವವರು ಓದುತ್ತ ಓದುತ್ತ ಎಲ್ಲೋ ಒಂದು ಕಡೆ ತಡೆಯುತ್ತಾರೆ. ಕಣ್ಣು ಮುಂದೆ ಹೋಗಿ ಬಾಯಿ ಹಿಂದೆ ಉಳಿಯುವ ಆ ಕ್ಷಣ ಅವಳಿಗೆ ಚಿಕ್ಕಂದಿನಿಂದಲೇ ಗೊತ್ತು. ಆಮೇಲೆ ‘ಅಷ್ಟೇ’ ಎನ್ನುತ್ತಾರೆ. ಅಮ್ಮ ಹಾಗೆ ಮಾಡುತ್ತಿದ್ದಳು, ಅಪ್ಪ ಮಾಡುತ್ತಿದ್ದ, ಅಣ್ಣನೂ ಮಾಡುತ್ತಿದ್ದ. ಯಾರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ. ಪಾಪ, ಯಾಕೆ ನೋಯಿಸಬೇಕು ಎಂದು ಒಂದೊಂದು ಸಾಲು ಬಿಡುತ್ತಿದ್ದರು. ಹಾಗೆ ಪಾಪ ಎಂದು ಬಿಟ್ಟದ್ದನ್ನೆಲ್ಲ ಕೂಡಿಸಿದರೆ ಅರ್ಧ ಆಯುಷ್ಯವೇ ಆದೀತು ಎಂಬುದು ಅವರ ತಲೆಗೆ ಹೋಗಲಿಲ್ಲ.

ಮಾತಾಡುವ ಫೋನ್ ಮೊದಲ ಸಲ ಕೈಗೆ ಬಂದಾಗ ಅವಳು ಅತ್ತದ್ದು ಅದಕ್ಕೇ. ಬೆರಳು ಎಲ್ಲಿ ಮುಟ್ಟಿದರೆ ಅಲ್ಲಿದ್ದದ್ದನ್ನು ಅದು ಓದುತ್ತಿತ್ತು. ಜಾಹೀರಾತನ್ನೂ ಓದುತ್ತಿತ್ತು, ಬೈಗುಳವನ್ನೂ ಓದುತ್ತಿತ್ತು, ಸಾವಿನ ಸುದ್ದಿಯನ್ನೂ ಅದೇ ದನಿಯಲ್ಲಿ ಓದುತ್ತಿತ್ತು. ಪಾಪ ಎನ್ನುವುದು ಅದಕ್ಕೆ ಗೊತ್ತೇ ಇರಲಿಲ್ಲ.

ಆ ಫೋನಿನಲ್ಲಿ ಇನ್ನೊಂದು ಏರ್ಪಾಡಿತ್ತು. ಮೂರು ಬೆರಳು ಸೇರಿಸಿ ತಟ್ಟಿದರೆ ಗಾಜು ಪೂರ್ತಿ ಕಪ್ಪಾಗುತ್ತಿತ್ತು. ಒಳಗೆ ಫೋನ್ ಎಂದಿನಂತೆ ಕೆಲಸ ಮಾಡುತ್ತಿರುತ್ತದೆ, ಕಿವಿಯಲ್ಲಿ ಓದುತ್ತದೆ, ಬರೆಸಿಕೊಳ್ಳುತ್ತದೆ. ನೋಡುವವರಿಗೆ ಮಾತ್ರ ಅದು ಸತ್ತ ಫೋನ್. ಸೆಟ್ಟಿಂಗನ್ನು ತಡಕಾಡಿ ಇದನ್ನು ಪತ್ತೆ ಮಾಡಿದ ದಿನ ಪತ್ತೇದಾರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಕಣ್ಣಿದ್ದವರನ್ನೆಲ್ಲ ಒಂದೇ ತಟ್ಟಿಗೆ ತನ್ನ ಸಾಲಿಗೆ ಎಳೆದು ಕೂರಿಸಬಹುದು ಎಂದರೆ ಯಾರು ಬಿಡುತ್ತಾರೆ? ಒಮ್ಮೆ ಕತ್ತಲು ಮಾಡಿದವಳು ಮತ್ತೆ ಬೆಳಕು ಮಾಡುವ ಗೋಜಿಗೇ ಹೋಗಲಿಲ್ಲ. ವರ್ಷಗಟ್ಟಲೆ ಆ ಫೋನ್ ಕಪ್ಪು ಗಾಜಾಗಿಯೇ ಉಳಿಯಿತು.

ಅವಳಿದ್ದದ್ದು ಅಣ್ಣ ಅತ್ತಿಗೆಯ ಜೊತೆ. ಅಣ್ಣನದು ಬೀಗ ರಿಪೇರಿಯ ಅಂಗಡಿ. ನಡೆದರೆ ಸೊಂಟದ ಕೀಲಿಗೊಂಚಲು ಝಣಝಣ ಎನ್ನುತ್ತಿತ್ತು. ಅತ್ತಿಗೆ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಸಂಜೆಯಾದರೆ ಊಟದ ಮೇಜಿನ ಒಂದು ಕಡೆ ಪತ್ತೇದಾರಿ ಒಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕಪ್ಪು ಗಾಜಿನ ಮೇಲೆ ಬೆರಳಾಡಿಸುತ್ತಾಳೆ. ಅದೇ ಮೇಜಿಗೆ ತಾಗಿಸಿ ಇಟ್ಟ ಹೊಲಿಗೆ ಯಂತ್ರದ ಮುಂದೆ ಅತ್ತಿಗೆ ಕೂರುತ್ತಾಳೆ. ಯಂತ್ರ ಟಕಟಕ ಎನ್ನುತ್ತದೆ, ಫೋನು ಪಿಸಪಿಸ ಎನ್ನುತ್ತದೆ, ಇಬ್ಬರ ನಡುವೆ ಮಾತು ಕಮ್ಮಿ.

ಅತ್ತಿಗೆ ಕೆಟ್ಟವಳೇನಲ್ಲ. ಅವಳ ಕಾಟವೇ ಅದು. ಕುಡಿದ ಲೋಟವನ್ನು ಕೆಳಗಿಡುವ ಮೊದಲೇ ಕಸಿದು ತೊಳೆದಿಡುವಳು. ಚಪ್ಪಲಿ ತಿರುಗಿಸಿಡುವಳು. ಬಾಗಿಲ ಹತ್ತಿರ ಬಂದರೆ ಸಾಕು, ‘ಮೆಟ್ಟಿಲು, ಮೆಟ್ಟಿಲು’ ಎಂದು ಕೂಗುವಳು. ಹುಟ್ಟಿ ಬೆಳೆದ ಮನೆಯ ಮೆಟ್ಟಿಲನ್ನು ನಿನ್ನೆ ಮೊನ್ನೆ ಸೊಸೆಯಾಗಿ ಬಂದವಳು ಹೇಳಿಕೊಡುವುದೇ ಎಂದು ಪತ್ತೇದಾರಿಗೆ ಮೈಯೆಲ್ಲ ಉರಿಯುತ್ತಿತ್ತು. ಬಂದು ಇಪ್ಪತ್ತು ವರ್ಷದ ಮೇಲಾಗಿತ್ತು ಎನ್ನುವುದು ಬೇರೆ ಮಾತು.

ಹಾಗಾಗಿ ಒಂದು ಗುಟ್ಟು ಹುಟ್ಟಿಕೊಂಡಿತು: ತನ್ನದೇ ಒಂದು ಮನೆ. ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ನಿವೃತ್ತ ನರ್ಸ್ ಒಬ್ಬರ ಮನೆಯ ಮಹಡಿ ಖಾಲಿಯಿತ್ತು. ಒಂದು ಕೋಣೆ, ಒಂದು ಅಡುಗೆಮನೆ, ಕೆಲಸಕ್ಕೆ ನಡೆದೇ ಹೋಗಬಹುದು. ಪತ್ತೇದಾರಿ ಹೋಗಿ ಗೋಡೆ ಗೋಡೆ ತಡವಿ ಬಂದಳು. ನರ್ಸಮ್ಮ ಮಾತ್ರ ರಾಗ ಎಳೆದರು. ‘ಒಬ್ಬರೇ ಇರ್ತೀರಾ? ನೋಡಿ, ಮೆಟ್ಟಿಲಿಗೆ ಒಂದು ಕಂಬಿ ಕೂಡ ಇಲ್ಲ. ಯೋಚನೆ ಮಾಡಿ ಹೇಳ್ತೀನಿ’ ಎಂದರು.

ಈ ಸಂಗತಿ ಅಣ್ಣನ ಕಿವಿಗೆ ಬೀಳಬಾರದಿತ್ತು. ಹಿಂದೊಮ್ಮೆ ಕೆಲಸದ ಹೆಂಗಸರ ಹಾಸ್ಟೆಲಿನಲ್ಲಿ ಅವಳಿಗೆ ಜಾಗ ಸಿಕ್ಕಿದ್ದಾಗ ಅಣ್ಣ ಹೇಳದೆ ಕೇಳದೆ ವಾರ್ಡನ್ ಹತ್ತಿರ ಹೋಗಿದ್ದ. ‘ಅವಳನ್ನ ಒಲೆ ಹತ್ತಿರ ಬಿಡಬೇಡಿ, ಹೆಚ್ಚುಕಮ್ಮಿ ಆದರೆ ನೀವೇ ಜವಾಬ್ದಾರಿ’ ಎಂದು ಪ್ರೀತಿಯಿಂದಲೇ ಹೇಳಿ ಬಂದಿದ್ದ. ಮರುದಿನ ಹಾಸ್ಟೆಲಿನಲ್ಲಿ ಜಾಗವಿರಲಿಲ್ಲ. ಈ ಸಲ ಬೀಗದ ಕೈ ತನ್ನ ಕೈಗೆ ಬಂದ ಮೇಲೇ ಬಾಯಿ ಬಿಡುವುದೆಂದು ಅವಳು ಹಟ ಹಿಡಿದಳು. ವಿಷಯ ಗೊತ್ತಿದ್ದದ್ದು ಒಬ್ಬಳೇ ಒಬ್ಬಳಿಗೆ, ಶಾಲೆಯಲ್ಲಿ ಸಂಗೀತ ಕಲಿಸುವ ಗೆಳತಿಗೆ. ನರ್ಸಮ್ಮನ ಪರಿಚಯ ಮಾಡಿಸಿದವಳೂ ಅವಳೇ. ಅವಳಿಗೂ ಕಣ್ಣಿಲ್ಲ, ಅವಳ ಗಂಡನಿಗೂ ಇಲ್ಲ.

ಇಷ್ಟರಲ್ಲೇ ಫೋನ್ ಬದಲಿಸುವ ಗ್ರಹಚಾರ ಬಂತು. ಯಾವ ಡಾಕ್ಟರದು ಯಾವ ಪಾಳಿ, ಯಾರನ್ನು ಎಲ್ಲಿ ಹಿಡಿಯಬೇಕು ಎಂಬುದನ್ನೆಲ್ಲ ಆಸ್ಪತ್ರೆಯವರು ಒಂದು ಹೊಸ ಆ್ಯಪಿಗೆ ಹಾಕಿದರು. ಪತ್ತೇದಾರಿಯ ಫೋನಿನಲ್ಲಿ ಅದನ್ನು ತೆರೆದು ಬೆರಳಾಡಿಸಿದರೆ ‘ಬಟನ್, ಬಟನ್, ಬಟನ್’ ಎನ್ನುತ್ತಿತ್ತೇ ಹೊರತು ಯಾವ ಬಟನ್ ಎಂದು ಬಾಯಿ ಬಿಡುತ್ತಿರಲಿಲ್ಲ. ಒಮ್ಮೆ ಹೆರಿಗೆ ವಾರ್ಡಿಗೆಂದು ಕರೆದರೆ ಮೂಳೆ ಡಾಕ್ಟರು ‘ಹಲೋ’ ಎಂದರು. ಅವಳಿಗೆ ಅವಮಾನವಾಯಿತು. ಇನ್ನೊಂದು ಜಾತಿಯ ಫೋನಿನಲ್ಲಿ ಅದೇ ಆ್ಯಪ್ ಹೆಸರು ಹೆಸರಾಗಿ ಓದುತ್ತದಂತೆ ಎಂದು ಯಾರೋ ಹೇಳಿದರು.

ಅವಳು ವಿಷಯವನ್ನು ಕಿವಿಕಟ್ಟೆಗೆ ಒಯ್ದಳು. ಕಣ್ಣಿಲ್ಲದ ಹತ್ತಾರು ಗೆಳೆಯ ಗೆಳತಿಯರು ಸಂಜೆ ಫೋನಿನಲ್ಲೇ ಒಟ್ಟಿಗೆ ಸೇರಿ ಹರಟುವ ಗುಂಪಿಗೆ ಅವರೇ ಇಟ್ಟುಕೊಂಡ ಹೆಸರದು. ಅಲ್ಲಿ ಎರಡೂ ಬಗೆಯ ಫೋನಿಗೆ ಅಡ್ಡಹೆಸರುಗಳಿದ್ದವು. ಪತ್ತೇದಾರಿಯ ಬಳಿಯಿದ್ದ ದುಬಾರಿ ಬಗೆಯದು ಅಳಿಯ, ಇನ್ನೊಂದು ಮನೆಮಗ. ಅಳಿಯನ ಪರ ಇದ್ದವರು, ‘ಅವನ ಗತ್ತು ಜಾಸ್ತಿ ನಿಜ, ಅವನು ಹೇಳಿದ ಹಾಗೇ ನಡೀಬೇಕು ನಿಜ, ಆದರೆ ನಡತೆ ಒಂದೇ ಥರ. ನಿನ್ನೆ ಹೇಗಿದ್ದನೋ ಇವತ್ತೂ ಹಾಗೇ’ ಎಂದರು. ಮನೆಮಗನ ಪರ ಇದ್ದವರು, ‘ಹೇಳಿದ ಕೆಲಸ ಎಲ್ಲಾ ಮಾಡ್ತಾನೆ, ಯಾವ ದನಿ ಬೇಕೋ ಆ ದನಿಯಲ್ಲಿ ಓದ್ತಾನೆ, ಯಾರ ಮನೆ ಚಾರ್ಜರ್ ಕೊಟ್ಟರೂ ಉಣ್ತಾನೆ’ ಎಂದರು. ‘ಬೆಳಿಗ್ಗೆ ಎದ್ದಾಗ ಯಾವ ಮೂಡಿನಲ್ಲಿರ್ತಾನೋ ದೇವರೇ ಬಲ್ಲ’ ಎಂದು ಅಳಿಯನ ಪಾರ್ಟಿ ಕೊಂಕು ತೆಗೆಯಿತು. ಜಗಳ ನಡೆಯಿತು. ಅಳಿಯ ಮಗ ಇಬ್ಬರನ್ನೂ ಸಾಕಲು ಯಾರಿಗೂ ತಾಕತ್ತಿರಲಿಲ್ಲ, ಒಬ್ಬನನ್ನೇ ಆರಿಸಬೇಕು.

ಪತ್ತೇದಾರಿ ಯಾರ ಮಾತನ್ನೂ ನಂಬದೆ, ರಜೆಯ ದಿನ ಸಂಗೀತದ ಗೆಳತಿಯ ಮನೆಗೆ ಹೋಗಿ, ಅವಳ ಮನೆಮಗನಿಗೆ ಆಸ್ಪತ್ರೆಯ ಆ್ಯಪ್ ಹಾಕಿ, ಮೇಲಿಂದ ಕೆಳಗಿನವರೆಗೆ ತಾನೇ ಬೆರಳಾಡಿಸಿ ನೋಡಿದಳು. ಒಂದೊಂದು ಹೆಸರನ್ನೂ ಓದಿತು. ಕೊಂಡುಕೊಳ್ಳದೆ ಗತಿಯಿರಲಿಲ್ಲ.

ಅಂಗಡಿಯವನು ಮೊದಲು ಕೇಳಿದ್ದು, ‘ಜೊತೆಗೆ ಯಾರೂ ಬಂದಿಲ್ವಾ ಮೇಡಂ?’ ಆಮೇಲೆ ಕ್ಯಾಮೆರಾದ ಗುಣಗಾನ ಮಾಡಿದ, ಬಣ್ಣಗಳ ಹೆಸರು ಹೇಳಿದ. ‘ಅದೆಲ್ಲ ಇರಲಿ, ಮೊದಲು ಅದರ ಬಾಯಿ ಬಿಡಿಸಿ’ ಎಂದಳು ಪತ್ತೇದಾರಿ. ಅವನು ತಡಕಾಡಿದ. ಅವಳೇ ಕೈಗೆ ತೆಗೆದುಕೊಂಡು ಪಕ್ಕದ ಗುಂಡಿಗಳನ್ನು ಒತ್ತಿ ಹಿಡಿದಳು. ಫೋನ್ ಮಾತಾಡತೊಡಗಿತು, ಅಂಗಡಿಯವನು ಬೆಚ್ಚಿದ. ಕೊನೆಗೆ ಬಿಲ್ ಹಾಕುವಾಗ ಅವನು, ‘ಒಂದು ನಿಮಿಷ ಕೊಡಿ, ನಿಮಗೆ ಅನುಕೂಲ ಆಗೋ ಹಾಗೆ ಮಾಡಿಕೊಡ್ತೀನಿ’ ಎಂದು ಫೋನ್ ಇಸಿದುಕೊಂಡು ಏನೇನೋ ಒತ್ತಿದ. ಏನು ಒತ್ತಿದಿರಿ ಎಂದು ಅವಳು ಎಷ್ಟು ಕೇಳಿದರೂ ‘ಒಳ್ಳೇದಕ್ಕೇ ಮೇಡಂ, ಮನೆಯಲ್ಲಿ ಗೊತ್ತಾಗುತ್ತೆ’ ಎಂದು ನಕ್ಕ. ಆ ನಗು ಪತ್ತೇದಾರಿಗೆ ಸರಿಬರಲಿಲ್ಲ.

ಮನೆಗೆ ಬಂದು ಅವಳು ಮೊದಲು ಮಾಡಿದ್ದು ಗಾಜು ಕತ್ತಲು ಮಾಡುವ ಕೆಲಸ. ಮನೆಮಗನಲ್ಲಿ ಅದಕ್ಕೆ ಬೇರೆ ದಾರಿಯಿತ್ತು, ಹುಡುಕಿ ಹಿಡಿದಳು. ‘ಪರದೆ ಮರೆಯಾಗಿದೆ’ ಎಂದು ಫೋನ್ ಒಪ್ಪಿಕೊಂಡಿತು. ಅವಳು ನಿಶ್ಚಿಂತೆಯಿಂದ ಗೆಳತಿಗೆ ಬರೆಯಲು ಕೂತಳು. ಆ ಮಟ್ಟಿಗೆ ಕಥೆ ಮುಗಿಯಬೇಕಾಗಿತ್ತು.

ಆದರೆ ಒಂದೆರಡು ವಾರದಲ್ಲೇ ಮನೆಯ ಗಾಳಿ ಬದಲಾಯಿತು. ಮೊದಲು ಲೋಟ. ಕುಡಿದು ಕೆಳಗಿಟ್ಟರೆ ಅದು ಅಲ್ಲೇ ಇತ್ತು, ಸಂಜೆಯವರೆಗೂ ಅಲ್ಲೇ ಇತ್ತು. ಚಪ್ಪಲಿ ಬಿಟ್ಟ ಕಡೆ ಬಿಟ್ಟ ಹಾಗೇ ಇದ್ದವು. ಬಾಗಿಲ ಬಳಿ ‘ಮೆಟ್ಟಿಲು’ ಎನ್ನುವ ಕೂಗು ನಿಂತಿತು. ಬಸ್ ನಿಲ್ದಾಣದವರೆಗೆ ಬರುತ್ತಿದ್ದ ಅತ್ತಿಗೆ, ‘ನನಗೆ ಹೊಲಿಗೆ ಇದೆ, ನೀನು ಹೋಗಿ ಬಾ’ ಎಂದಳು. ಬೇಡ ಬೇಡ ಎಂದು ವರ್ಷಗಟ್ಟಲೆ ಮನಸ್ಸಿನಲ್ಲೂ ಗೆಳತಿಯ ಹತ್ತಿರವೂ ಗೊಣಗಿದ್ದು ಈಗ ತಾನಾಗಿಯೇ ನಿಂತಾಗ ಖುಷಿಪಡಬೇಕಲ್ಲ? ಪತ್ತೇದಾರಿ ಖಾಲಿ ಲೋಟವನ್ನು ಮತ್ತೆ ಮತ್ತೆ ಮುಟ್ಟಿ ನೋಡಿದಳು. ಇವರಿಗೆ ನಾನು ಬೇಡವಾದೆ ಎಂದುಕೊಂಡಳು. ಮರುಕ್ಷಣವೇ, ಇಲ್ಲ, ಇವರಿಗೆ ಏನೋ ಗೊತ್ತಾಗಿದೆ ಎಂದುಕೊಂಡಳು.

ಆಮೇಲೆ ಯಂತ್ರ. ಅವಳು ಗೆಳತಿಗೆ ಬರೆಯಲು ಶುರುಮಾಡಿದರೆ ಹೊಲಿಗೆಯ ಟಕಟಕ ನಿಧಾನವಾಗುತ್ತಿತ್ತು, ಕೆಲವೊಮ್ಮೆ ನಿಂತೇ ಹೋಗುತ್ತಿತ್ತು. ಅವಳು ಬೆರಳೆತ್ತಿದರೆ ಮತ್ತೆ ಶುರು. ದಾರ ತುಂಡಾಗಿರಬಹುದು ಎಂದು ಮೊದಮೊದಲು ಸಮಾಧಾನ ಮಾಡಿಕೊಂಡಳು. ಸರಿಯಾಗಿ ಅವಳು ಬರೆಯುವಾಗಲೇ ತುಂಡಾಗುವ ದಾರ ಯಾವ ಅಂಗಡಿಯಲ್ಲಿ ಸಿಗುತ್ತದೆ?

ಎಲ್ಲಕ್ಕಿಂತ ಹೆದರಿಸಿದ್ದು ಬಸ್ಸಿನ ಮನುಷ್ಯ. ಒಂದು ಬೆಳಿಗ್ಗೆ ಅವಳು ಸೀಟಿನಲ್ಲಿ ಕೂತು, ನರ್ಸಮ್ಮ ಇನ್ನೂ ಒಪ್ಪಿಲ್ಲ, ಈ ಮನೆಯೂ ಕೈತಪ್ಪುತ್ತೇನೋ ಎಂದು ಗೆಳತಿಗೆ ಬರೆಯುತ್ತಿದ್ದಳು. ಬಾಯಿಂದ ಒಂದಕ್ಷರ ಹೊರಬಿದ್ದಿರಲಿಲ್ಲ. ಹಿಂದಿನ ಸೀಟಿನಿಂದ ಗಂಡಸಿನ ದನಿಯೊಂದು, ‘ಚಿಂತೆ ಮಾಡಬೇಡಿ ಅಮ್ಮ, ಮನೆ ಸಿಗುತ್ತೆ ಬಿಡಿ’ ಎಂದಿತು. ಅವಳು ಫೋನನ್ನು ಚೀಲಕ್ಕೆ ತುರುಕಿದಳು. ಮುಂದಿನ ನಿಲ್ದಾಣದಲ್ಲೇ ಇಳಿದು, ಉಳಿದ ದಾರಿಯನ್ನು ಕೋಲು ಬಡಿಯುತ್ತ ನಡೆದಳು. ಹಿಂದೆ ಬಂದ ಹೆಜ್ಜೆಗಳೆಲ್ಲ ಅವನವೇ ಅನ್ನಿಸಿದವು.

ಅಂದಿನಿಂದ ಅವಳಿಗೆ ಯಾರ ಮೇಲೂ ನಂಬಿಕೆ ಉಳಿಯಲಿಲ್ಲ. ಅಂಗಡಿಯವನು ಒತ್ತಿದ್ದು ಏನು? ಫೋನಿನೊಳಗೆ ಯಾರನ್ನಾದರೂ ಕೂರಿಸಿದನೇ? ಮನೆಮಗ ಎಂದು ಕರೆದು ಒಳಗೆ ಬಿಟ್ಟುಕೊಂಡವನೇ ಮನೆ ಮಾತನ್ನು ಬೀದಿಗೆ ಹಾಕುತ್ತಿದ್ದಾನೆಯೇ? ಅಥವಾ ಗೆಳತಿಯೇ ಬಾಯಿ ಬಿಟ್ಟಳೇ? ಫೋನ್ ಮಾಡಿ ಕೇಳಿಯೇಬಿಟ್ಟಳು. ಗೆಳತಿಗೆ ರೇಗಿತು. ‘ನನ್ನ ಮೇಲೂ ಅನುಮಾನನಾ? ನಾಳೆ ನಿನ್ನ ನೆರಳಿನ ಮೇಲೂ ಪಡ್ತೀಯ ಕಣೆ’ ಎಂದಳು.

‘ಗಾಜು ಕತ್ತಲು ಮಾಡಿದ ಮೇಲೂ ಯಾರಾದರೂ ಓದಬಹುದಾ? ನಿನ್ನ ಫೋನಿನಲ್ಲಿ ಹೇಗೆ?’

‘ನಮ್ಮ ಮನೆಯಲ್ಲಿ ಕತ್ತಲು ಮಾಡಿ ಯಾರಿಗೆ ಮುಚ್ಚಿಡಬೇಕು? ಅವರಿಗೂ ಕಾಣಲ್ಲ, ನನಗೂ ಕಾಣಲ್ಲ. ನಾನು ಆ ಕಡೆ ಕೈಯೇ ಹಾಕಿಲ್ಲ’ ಎಂದು ಗೆಳತಿ ಫೋನ್ ಇಟ್ಟಳು.

ಪತ್ತೇದಾರಿ ಬಲೆ ಬೀಸಲು ತೀರ್ಮಾನಿಸಿದಳು. ಸಂಜೆ ಮೇಜಿನ ಮುಂದೆ ಕೂತು, ಮುಖದಲ್ಲಿ ಯಾವ ಭಾವವೂ ತೋರಿಸದೆ, ಗೆಳತಿಗೆ ಒಂದು ಹಸಿ ಸುಳ್ಳು ಬರೆದಳು: ‘ಬಲಗಡೆ ದವಡೆ ಹಲ್ಲು ವಿಪರೀತ ನೋಯ್ತಿದೆ. ಯಾರಿಗೂ ಹೇಳಿಲ್ಲ.’ ಹೊಲಿಗೆ ಯಂತ್ರ ನಿಂತಿತು. ಅವಳು ಬೆರಳೆತ್ತಿದಳು. ಯಂತ್ರ ಮತ್ತೆ ನಡೆಯಿತು.

ಬೆಳಿಗ್ಗೆ ತಿಂಡಿಯ ತಟ್ಟೆಯ ಪಕ್ಕ ಒಂದು ಬಿಸಿ ಲೋಟ ಕೈಗೆ ತಾಕಿತು. ಮೂಸಿದಳು. ಉಪ್ಪು ನೀರು, ಲವಂಗ.

‘ಇದೇನತ್ತಿಗೆ?’

‘ಬಾಯಿ ಮುಕ್ಕಳಿಸು, ಒಳ್ಳೇದು’ ಎಂದಳು ಅತ್ತಿಗೆ. ಅಷ್ಟೇ. ಸಿಕ್ಕಿಬಿದ್ದ ಕಳ್ಳನ ದನಿಯಲ್ಲಿ ಒಂದಿಷ್ಟಾದರೂ ಅಳುಕಿರುತ್ತದೆ. ಇವಳ ದನಿಯಲ್ಲಿ ಅದೂ ಇರಲಿಲ್ಲ. ಪತ್ತೇದಾರಿ ನೋಯದ ಹಲ್ಲಿಗೆ ಉಪ್ಪು ನೀರು ಮುಕ್ಕಳಿಸಿ, ನೀರು ಉಗುಳಿ, ಸಿಟ್ಟನ್ನು ಮಾತ್ರ ನುಂಗಿ ಹೊರಗೆ ಹೊರಟಳು. ಅವತ್ತು ನರ್ಸಮ್ಮ ಬರಲು ಹೇಳಿದ್ದರು. ಕೈಗೆ ಬೀಗದ ಕೈ ಬಂದರೆ ಸಾಕು, ಆಮೇಲೆ ಮನೆಯಲ್ಲಿ ಎಲ್ಲರ ಬಣ್ಣ ಬಯಲು ಮಾಡುತ್ತೇನೆ ಎಂದುಕೊಂಡಳು.

ನರ್ಸಮ್ಮ ಈ ಸಲ ರಾಗ ಎಳೆಯಲಿಲ್ಲ. ‘ಮೇಲೆ ಹೋಗಿ ಇನ್ನೊಂದು ಸಲ ನೋಡ್ಕೊಂಡು ಬನ್ನಿ, ಬೀಗದ ಕೈ ಕೊಡ್ತೀನಿ’ ಎಂದರು. ಪತ್ತೇದಾರಿ ಮೆಟ್ಟಿಲಿಗೆ ಕಾಲಿಟ್ಟಳು. ಅಭ್ಯಾಸದಂತೆ ಪಕ್ಕಕ್ಕೆ ಚಾಚಿದ ಕೈಗೆ ತಣ್ಣನೆಯ ಕಬ್ಬಿಣ ಸಿಕ್ಕಿತು. ಹೋದ ಸಲ ಅಲ್ಲಿ ಕಂಬಿಯಿರಲಿಲ್ಲ. ಹೊಸ ಬಣ್ಣದ ವಾಸನೆ ಇನ್ನೂ ಆರಿರಲಿಲ್ಲ.

‘ಇದನ್ನ ಯಾವಾಗ ಹಾಕಿಸಿದಿರಿ?’

‘ನಿಮ್ಮ ಅತ್ತಿಗೆ ಬಂದಿದ್ದರಲ್ಲ. ಕಣ್ಣು ಮುಚ್ಚಿಕೊಂಡು ಈ ಮೆಟ್ಟಿಲನ್ನ ಎಷ್ಟು ಸಲ ಹತ್ತಿ ಇಳಿದರು ಅಂತೀರಿ! ಕಂಬಿ ಒಂದು ಬೇಕೇ ಬೇಕು ಅಂದರು. ಹಾಕಿಸಿದೆ. ನನಗೂ ವಯಸ್ಸಾಯ್ತು, ನನಗೂ ಆಗುತ್ತೆ.’

ಪತ್ತೇದಾರಿಗೆ ಮುಂದಿನದು ಕೇಳಿಸಲಿಲ್ಲ. ಅತ್ತಿಗೆ ಬಂದಿದ್ದಳು. ಬೀದಿ ಗೊತ್ತಿತ್ತು, ಮನೆ ಗೊತ್ತಿತ್ತು, ಮೆಟ್ಟಿಲೂ ಗೊತ್ತಿತ್ತು. ತನ್ನ ಬಲದಿಂದಲೇ ಗಿಟ್ಟಿಸಬೇಕು ಎಂದುಕೊಂಡಿದ್ದ ಮನೆಯನ್ನು ಇನ್ನೊಬ್ಬರು ಬೆನ್ನ ಹಿಂದೆ ಬಂದು ಶಿಫಾರಸು ಮಾಡಿ ಕೊಡಿಸಿದ್ದರು. ಒಳ್ಳೆಯದನ್ನೇ ಮಾಡಿರಬಹುದು, ಅಣ್ಣನೂ ವಾರ್ಡನ್ ಹತ್ತಿರ ಒಳ್ಳೆಯದನ್ನೇ ಮಾಡಲು ಹೋಗಿದ್ದ. ಅವಳು ಬೀಗದ ಕೈಯನ್ನೂ ತೆಗೆದುಕೊಳ್ಳದೆ ಹೊರಟಳು. ‘ಅಯ್ಯೋ, ಕೇಳಿ ಹೋಗಿ’ ಎಂದು ನರ್ಸಮ್ಮ ಗೇಟಿನವರೆಗೂ ಬಂದರು.

ಮನೆಯಲ್ಲಿ ಅತ್ತಿಗೆ ಯಂತ್ರದ ಮುಂದೆ ಇದ್ದಳು. ಪತ್ತೇದಾರಿ ಚಪ್ಪಲಿ ಬಿಡದೆ ಒಳಗೆ ಬಂದು ಫೋನನ್ನು ಮೇಜಿನ ಮೇಲೆ ಕುಕ್ಕಿದಳು.

‘ನನ್ನ ಫೋನ್ ಎಷ್ಟು ದಿನದಿಂದ ಓದ್ತಿದ್ದೀರಿ ಅತ್ತಿಗೆ?’

ಯಂತ್ರ ನಿಂತಿತು.

‘ನೀನು ಹೊಸ ಫೋನ್ ತಂದಾಗಿನಿಂದ’ ಎಂದಳು ಅತ್ತಿಗೆ. ಮುಚ್ಚುಮರೆ ಮಾಡಲಿಲ್ಲ. ಪತ್ತೇದಾರಿ ತಯಾರು ಮಾಡಿಕೊಂಡು ಬಂದಿದ್ದ ಜಗಳಕ್ಕೆ ಅಲ್ಲಿ ಜಾಗವೇ ಸಿಗಲಿಲ್ಲ.

‘ನಾಚಿಕೆ ಆಗಲ್ವಾ? ನಾನು ಮಲಗಿದಾಗ ತೆಗೆದು ನೋಡ್ತೀರಾ? ಲಾಕ್ ಹೇಗೆ ತೆಗೆದಿರಿ? ಅಣ್ಣ ತೆಗೆದುಕೊಟ್ಟನಾ?’

‘ಮಲಗಿದಾಗ ಯಾಕೆ ನೋಡಲಿ? ನೀನೇ ದಿನಾ ಸಂಜೆ ನನ್ನ ಎದುರಿಗೆ ಕೂತು ತೋರಿಸ್ತಿದ್ದೆಯಲ್ಲ.’

‘ತೋರಿಸ್ತಿದ್ದೆನಾ?’

‘ಬೆಳಕಿರುತ್ತಲ್ಲ ಅದರಲ್ಲಿ. ಅಕ್ಷರ ಎಷ್ಟು ದೊಡ್ಡದು ಅಂದರೆ, ಬಸ್ಸಿನ ಬೋರ್ಡಿನ ಹಾಗೆ. ನಾನು ಈ ಕಡೆ ಕೂತರೂ ಕಾಣುತ್ತೆ, ಬೀದಿಯಲ್ಲಿ ನಿಂತರೂ ಕಾಣುತ್ತೆ.’

ಪತ್ತೇದಾರಿ ಕುರ್ಚಿ ಹುಡುಕಿಕೊಂಡು ಕೂತಳು. ನಿಮಗೆ ಅನುಕೂಲ ಆಗೋ ಹಾಗೆ, ಎಂದಿದ್ದ ಅಂಗಡಿಯವನು. ಕಣ್ಣೇ ಇಲ್ಲದವಳಿಗೆ ಆ ಮಹಾನುಭಾವ ಅಕ್ಷರಗಳನ್ನು ದೊಡ್ಡದು ಮಾಡಿಕೊಟ್ಟಿದ್ದ! ಕತ್ತಲಿನ ವಿಷಯವೂ ಈಗ ಹೊಳೆಯಿತು. ಕೊಂಡ ಮರುದಿನ ಬೆಳಿಗ್ಗೆ ಮನೆಮಗ ಏನೋ ಹೊಸದನ್ನು ಹಾಕಿಕೊಳ್ಳಲು ಆಫ್ ಆಗಿ ಆನ್ ಆಗಿದ್ದ. ಎದ್ದವನು ನಿನ್ನೆಯ ಕತ್ತಲನ್ನು ಮರೆತಿದ್ದ. ಅಳಿಯ ಒಮ್ಮೆ ಮುಚ್ಚಿದರೆ ಮುಚ್ಚಿದ್ದೇ. ಇವನೂ ಹಾಗೇ ಎಂದು ಅವಳು ನಂಬಿದ್ದಳು. ಜಗತ್ತಿನಲ್ಲಿ ಯಾರನ್ನೂ ನಂಬದವಳು ಹೋಗಿ ಹೋಗಿ ಇದೊಂದನ್ನು ಪರೀಕ್ಷೆ ಮಾಡದೆ ನಂಬಿದ್ದಳು. ಬೆಳಕು ಇದೆಯೋ ಇಲ್ಲವೋ ಎಂದು ಪರೀಕ್ಷೆ ಮಾಡಲು ಕಣ್ಣಿದ್ದವರನ್ನು ಕೇಳಬೇಕು. ಕೇಳಿದರೆ ಗುಟ್ಟಿದೆ ಎಂದು ಅವರಿಗೆ ಗೊತ್ತಾಗುತ್ತದೆ. ಬಸ್ಸಿನ ಆ ಮನುಷ್ಯ, ಪಾಪ, ಸಮಾಧಾನ ಹೇಳಿದ್ದ.

‘ಬೆಳಕಿದೆ ಅಂತ ಒಂದು ಮಾತು ಹೇಳಬಾರದಿತ್ತಾ?’ ಅವಳ ದನಿ ಕುಗ್ಗಿತ್ತು.

ಅತ್ತಿಗೆ ಕತ್ತರಿ ತೆಗೆದುಕೊಂಡು ಒಂದು ದಾರ ಕತ್ತರಿಸಿದಳು. ಆಮೇಲೆ ಹೇಳಿದಳು, ‘ಇಷ್ಟು ವರ್ಷ ಇದೇ ಮೇಜಿನ ಹತ್ತಿರ ಕೂತಿದ್ದೀನಿ. ನಿನ್ನ ಕೈಯಲ್ಲಿ ಯಾವಾಗಲೂ ಆ ಕರೀ ಗಾಜು. ಅದು ಹಾಳಾಗಿದೆ ಅಂತ ಮೊದಲು ಅಂದ್ಕೊಂಡಿದ್ದೆ. ನಿಮ್ಮಣ್ಣ ಹೇಳಿದರು, ಹಾಳಾಗಿಲ್ಲ, ನಾವು ನೋಡಬಾರದು ಅಂತ ಹಾಗೆ ಮಾಡಿದ್ದಾಳೆ ಅಂತ. ನಾನೇನು ಹೇಳಲಿ? ಹೊಲೀತಾ ಕೂತೆ. ಹೊಸ ಫೋನಲ್ಲಿ ಬೆಳಕು ಬಂತು. ಅಷ್ಟು ದೊಡ್ಡ ಅಕ್ಷರ. ಬಾಯಿಬಿಟ್ಟು ಹೇಳೋಕೆ ಇವಳಿಗೆ ಕಷ್ಟ, ಅದಕ್ಕೆ ಬರೆದು ನನ್ನ ಕಡೆ ತಿರುಗಿಸ್ತಿದ್ದಾಳೆ ಅಂದ್ಕೊಂಡೆ. ನೀನು ಅಂಥವಳೇ ಅಲ್ವಾ? ಲೋಟ ತೊಳೀಬೇಡಿ ಅಂತ ಬರೆದಿದ್ದೆ, ಬಿಟ್ಟೆ. ಮೆಟ್ಟಿಲು ಅನ್ನಬೇಡಿ ಅಂತ ಬರೆದಿದ್ದೆ, ನಾಲಿಗೆ ಕಚ್ಚಿಕೊಂಡೆ. ಮನೆ ಸಿಗ್ತಿಲ್ಲ ಅಂತ ಬೀದಿ ಸಮೇತ ಬರೆದಿದ್ದೆ, ಹೋಗಿ ನೋಡಿದೆ.’

‘ಅಣ್ಣನಿಗೆ?’

‘ಹೇಳಿಲ್ಲ. ನನಗೊಬ್ಬಳಿಗೇ ತೋರಿಸಿದ್ದು ಅಂದ್ಕೊಂಡಿದ್ದೆ.’ ಕತ್ತರಿಯನ್ನು ಕೆಳಗಿಟ್ಟ ಸದ್ದಾಯಿತು. ‘ತಪ್ಪು ತಿಳ್ಕೊಂಡೆ. ಬಿಡು.’

ಆ ‘ಬಿಡು’ ಪತ್ತೇದಾರಿಗೆ ಚುಚ್ಚಿತು. ಆದರೂ ಹಳೆಯ ಚಾಳಿ, ಕೇಳಬೇಕಲ್ಲ! ಕಥೆ ಚೆನ್ನಾಗಿದೆ, ನಿಜವೋ ಸುಳ್ಳೋ ಎಂದು ಮನಸ್ಸು ಕೊಕ್ಕೆ ಹಾಕಿತು. ಅವಳು ಇಯರ್‌ಫೋನ್ ಕಿವಿಗಿಟ್ಟುಕೊಂಡು, ಗೆಳತಿಗೆ ಬರೆದ ಹಳೆಯ ಸಂದೇಶವೊಂದನ್ನು ಹುಡುಕಿ, ಫೋನನ್ನು ಮೇಜಿನ ಆ ಕಡೆಗೆ ತಿರುಗಿಸಿದಳು.

‘ಓದಿ ನೋಡೋಣ, ಇದೇನಿದೆ?’

ಅತ್ತಿಗೆ ಓದಿದಳು. ಒಂದು ಕಿವಿಯಲ್ಲಿ ಫೋನಿನ ದನಿ, ಇನ್ನೊಂದರಲ್ಲಿ ಅತ್ತಿಗೆಯ ದನಿ. ‘ಅತ್ತಿಗೆ ಕೆಟ್ಟವರಲ್ಲ ಕಣೆ. ಆದರೆ ನನ್ನನ್ನ ಹತ್ತಿಯಲ್ಲಿ ಸುತ್ತಿ ಡಬ್ಬಿಯಲ್ಲಿ ಇಟ್ಟಿದ್ದಾರೆ.’ ಎರಡೂ ದನಿ ಒಟ್ಟಿಗೆ ನಡೆದವು. ಮುಂದೇನಿದೆ ಎಂಬುದು ಪತ್ತೇದಾರಿಗೆ ಗೊತ್ತಿತ್ತು. ಇಲ್ಲಿ ತಡೆಯುತ್ತಾಳೆ, ಇಲ್ಲಿ ‘ಅಷ್ಟೇ’ ಎನ್ನುತ್ತಾಳೆ ಎಂದು ಕಿವಿ ನಿಮಿರಿಸಿದಳು. ಅತ್ತಿಗೆ ತಡೆಯಲಿಲ್ಲ. ‘ಅವರ ಪಾಪ ಪಾಪ ಕೇಳಿ ಕೇಳಿ ನನಗೆ ವಾಕರಿಕೆ ಬರುತ್ತೆ. ಆ ಮುದ್ದು ದನಿ ಕೇಳಿದರೆ ತಟ್ಟೆ ಎತ್ತಿ ಬಿಸಾಡೋಣ ಅನ್ಸುತ್ತೆ’ ಎಂದು, ಕಡೆಯ ಅಕ್ಷರದವರೆಗೆ, ತನ್ನ ಬಾಯಿಂದಲೇ ಓದಿದಳು.

ಪತ್ತೇದಾರಿ ಇಯರ್‌ಫೋನ್ ಕಿತ್ತಿಟ್ಟಳು. ನಾಚಿಕೆಯಾಯಿತು, ಬಹಳ ನಾಚಿಕೆಯಾಯಿತು.

‘ಇನ್ನೂ ಇದೆ’ ಎಂದಳು ಅತ್ತಿಗೆ. ಈಗ ಅವಳೂ ಹಟಕ್ಕೆ ಬಿದ್ದಿದ್ದಳು. ‘ಮೇಲ್ಗಡೆ ಈಗ ತಾನೇ ನಿನ್ನ ಗೆಳತಿದು ಬಂದಿದೆ. ಓದ್ತೀನಿ ಕೇಳು: ನರ್ಸಮ್ಮ ನನಗೆ ಫೋನ್ ಮಾಡಿದ್ದರು. ಮನೆ ನಿನ್ನದೇ ಅಂತೆ. ಬೀಗದ ಕೈ ಯಾಕೆ ಬಿಟ್ಟು ಓಡಿದೆ?’

‘ಯಾವ ಮನೆ?’

ಬಾಗಿಲಲ್ಲಿ ಅಣ್ಣ ನಿಂತಿದ್ದ. ಊಟಕ್ಕೆ ಬಂದಿದ್ದ. ಗಲಾಟೆಯಲ್ಲಿ ಇಬ್ಬರಿಗೂ ಕೀಲಿಗೊಂಚಲಿನ ಸದ್ದು ಕೇಳಿಸಿರಲಿಲ್ಲ.

ಅತ್ತಿಗೆ ಬಾಯಿ ತೆರೆಯುವ ಮೊದಲೇ ಪತ್ತೇದಾರಿ ಎದ್ದು ನಿಂತಳು. ‘ನನ್ನ ಮನೆ ಅಣ್ಣ. ಆಸ್ಪತ್ರೆ ಹಿಂದಿನ ಬೀದಿಯಲ್ಲಿ, ಮಹಡಿ ಮೇಲೆ. ನಾನು ಒಬ್ಬಳೇ ಇರೋಕೆ ಹೋಗ್ತಿದ್ದೀನಿ. ಆ ಸಲ ವಾರ್ಡನ್ ಹತ್ತಿರ ಹೋದ ಹಾಗೆ ಇಲ್ಲೂ ಹೋಗಿ ಹೆದರಿಸ್ತೀಯ ಅಂತ ನಿನಗೆ ಹೇಳಲಿಲ್ಲ.’

ಅಣ್ಣ ಮಾತಾಡಲಿಲ್ಲ. ಸೊಂಟದ ಗೊಂಚಲೂ ಮಾತಾಡಲಿಲ್ಲ. ಇಂಥ ಮೌನಗಳನ್ನು ಅವಳು ಆಯುಷ್ಯಪೂರ್ತಿ ತಾನೇ ಊಹಿಸಿಕೊಂಡು ಬಂದಿದ್ದಳು. ಊಹಿಸಿದಾಗಲೆಲ್ಲ ಕೆಟ್ಟದ್ದನ್ನೇ ಊಹಿಸಿದ್ದಳು. ಅವಳು ಹೊಲಿಗೆ ಯಂತ್ರದ ಕಡೆ ತಿರುಗಿದಳು.

‘ಅತ್ತಿಗೆ, ಅವನ ಮುಖದಲ್ಲಿ ಏನಿದೆ, ಓದಿ. ಏನೂ ಬಿಡಬೇಡಿ.’

‘ಕೋಪ ಇದೆ’ ಎಂದಳು ಅತ್ತಿಗೆ. ‘ನನ್ನ ಮೇಲೂ ಇದೆ. ತುಟಿ ಕಚ್ಚಿಕೊಂಡಿದ್ದಾರೆ. ವಾರ್ಡನ್ ಅಂದಾಗ ಕಣ್ಣು ಕೆಳಗೆ ಹಾಕಿದರು. ನೀರು ಬಂತು, ನಾನು ನೋಡ್ತೀನಿ ಅಂತ ಒರೆಸಿಕೊಂಡರು.’

‘ಒಪ್ಪಿಗೆ?’

‘ಇನ್ನೂ ಕಾಣ್ತಿಲ್ಲ.’

ಕಣ್ಣು ಮುಂದೆ ಹೋಗಿ ಬಾಯಿ ಹಿಂದೆ ಉಳಿಯುವ ಆ ಕ್ಷಣಕ್ಕಾಗಿ ಪತ್ತೇದಾರಿ ಕಾದಳು. ಅದು ಬರಲಿಲ್ಲ. ಹೌದಾ ಎಂದು ಅಣ್ಣನನ್ನು ಕೇಳಿ ತಾಳೆ ನೋಡಬಹುದಿತ್ತು. ಅವಳು ಕೇಳಲಿಲ್ಲ.

‘ಅಣ್ಣ, ಆ ಮನೆ ಬಾಗಿಲಿಗೆ ಒಂದು ಒಳ್ಳೇ ಬೀಗ ಬೇಕು. ಬೇರೆ ಯಾರ ಹತ್ತಿರ ಹಾಕಿಸಿದರೂ ನನಗೆ ನಂಬಿಕೆ ಬರಲ್ಲ’ ಎಂದಳು. ಆಮೇಲೆ ಅತ್ತಿಗೆಯ ಕಡೆ ತಿರುಗಿ ಮೆಲ್ಲಗೆ ಕೇಳಿದಳು, ‘ಈಗ?’

‘ಈಗ ಗೊಂಚಲನ್ನ ಕೈಗೆ ತಗೊಂಡು, ಒಂದೊಂದೇ ಕೀಲಿ ನೋಡ್ತಿದ್ದಾರೆ’ ಎಂದಳು ಅತ್ತಿಗೆ.